ಮೆಟ್ಟಿಲಿನ ಲೆಕ್ಕ
(ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಬಹುಮಹಡಿ ಕಟ್ಟಡ ಕಟ್ಟುವುದಾದರೆ)

‘ಕಾಂಡೊಮಿನಿಯಂ’ ಅಂದ ಕೂಡಲೆ ನಮ್ಮಲ್ಲಿ ಅನೇಕರಿಗೆ ಕಣ್ಣೆದುರು ಬರುವುದು ಗಾಜಿನ ಗೋಡೆ, ಈಜುಕೊಳ, ಸಲಾಮು ಹೊಡೆಯುವ ಕಾವಲುಗಾರ. ಶಬ್ದದ ಅರ್ಥ ಇಷ್ಟು ದೊಡ್ಡದಲ್ಲ. ಕೂಡಿ ಒಡೆತನ, ಅಷ್ಟೆ. ನಾಲ್ಕು ಗೋಡೆಯ ಒಳಗಿನ ಮನೆ ನಿಮ್ಮದು. ಕೆಳಗಿನ ನೆಲ, ಮೆಟ್ಟಿಲು, ಲಿಫ್ಟು, ನೀರಿನ ಟ್ಯಾಂಕು, ತಾರಸಿ ಎಲ್ಲರದು. ಆ ‘ಎಲ್ಲರದು’ ಎಂಬುದರಲ್ಲಿ ನಿಮ್ಮದೆಷ್ಟು ಅಂತ ಗೆರೆ ಎಳೆದು ತೋರಿಸುವ ಹಾಗಿಲ್ಲ; ಅದು ಅವಿಭಕ್ತ ಪಾಲು. ಅವಿಭಕ್ತ ಕುಟುಂಬದ ಆಸ್ತಿಯ ವ್ಯಾಜ್ಯ ಕಂಡವರಿಗೆ ಇದರ ಸುಖದುಃಖ ಬೇರೆ ಹೇಳಬೇಕಾಗಿಲ್ಲ. ನಮ್ಮ ವಠಾರಗಳನ್ನೇ ನೆನೆಯಿರಿ. ಒಂದು ನಲ್ಲಿ, ಒಂದು ಅಂಗಳ, ಹನ್ನೆರಡು ಸಂಸಾರ. ಆದರೆ ವಠಾರದಲ್ಲಿ ಮಾಲೀಕ ಒಬ್ಬ, ಉಳಿದವರೆಲ್ಲ ಬಾಡಿಗೆಯವರು. ಕಾಂಡೊಮಿನಿಯಮ್ಮಿನಲ್ಲಿ ಹನ್ನೆರಡು ಜನವೂ ಮಾಲೀಕರು. ನಲ್ಲಿ ಕೆಟ್ಟರೆ ಬೈಯುವುದಕ್ಕೆ ಒಬ್ಬ ಮಾಲೀಕ ಇಲ್ಲ ಎಂಬುದೇ ದೊಡ್ಡ ವ್ಯತ್ಯಾಸ!

ಸಾಹಿತ್ಯ ಕೂಟದ ಪತ್ರಿಕೆಯಲ್ಲಿ ಇಟ್ಟಿಗೆ ಸಿಮೆಂಟಿನ ಮಾತು ಯಾಕೆ ಅಂತ ಕೆಲವರು ಹುಬ್ಬೇರಿಸಬಹುದು. ಕಾರಣ ಇದೆ. ನಮ್ಮ ಹಾಗೆ ಕನ್ನಡ ಓದಿದವರಲ್ಲಿ ಕೆಲವರು ಡಿಗ್ರಿ ಮುಗಿಸಿ ಐ.ಎ.ಎಸ್. ಪರೀಕ್ಷೆಗೆ ಕಟ್ಟಿಕೊಳ್ಳುತ್ತಾರೆ, ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರೂ ಉಂಟು. ಅಂಥವರು ಟ್ರಂಕು ಹೊತ್ತು ಇಳಿಯುವ ಜಾಗಗಳಲ್ಲಿ ಮೊದಲನೆಯದು ದೆಹಲಿಯ ಓಲ್ಡ್ ರಾಜಿಂದರ್ ನಗರ. ಆ ಬಡಾವಣೆಯಲ್ಲಿ ಇವತ್ತು ನಡೆಯುತ್ತಿರುವುದು ಮನೆ, ಅಂಗಡಿ, ತರಗತಿ, ಹಾಸ್ಟೆಲು, ವಾಚನಾಲಯ ಎಲ್ಲವೂ ಒಂದೇ ಕಟ್ಟಡದಲ್ಲಿ. ಇಂಥದಕ್ಕೆ ನಗರಯೋಜನೆಯವರು ಇಟ್ಟ ಹೆಸರು ‘ಮಿಶ್ರ ಬಳಕೆ’. ಅಲ್ಲಿ ಒಂದು ಎತ್ತರದ ಕಟ್ಟಡವನ್ನು ಸರಿಯಾಗಿ ಕಟ್ಟುವುದಾದರೆ ಹೇಗೆ ಯೋಚಿಸಬೇಕು ಎಂಬುದೇ ಈ ಲೇಖನದ ವಿಷಯ.

ಮಿಶ್ರ ಬಳಕೆ ವಿದೇಶದಿಂದ ಬಂದ ಹೊಸ ವಿದ್ಯೆಯೇನಲ್ಲ. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ. ಸೆಟ್ಟರು ಬೆಳಿಗ್ಗೆ ಮೆಟ್ಟಿಲಿಳಿದರೆ ಗಲ್ಲಾಪೆಟ್ಟಿಗೆ, ರಾತ್ರಿ ಮೆಟ್ಟಿಲು ಹತ್ತಿದರೆ ಊಟ. ಆ ಏರ್ಪಾಡು ನಡೆಯಿತು, ಯಾಕೆಂದರೆ ಮಳಿಗೆಯೂ ಮನೆಯೂ ಒಂದೇ ಕುಟುಂಬದ್ದು, ಮೆಟ್ಟಿಲು ಹತ್ತುವವರು ಎಂಟೋ ಹತ್ತೋ ಜನ. ಮನೆಗೆ ಸಾಕಾಗುವ ಮೆಟ್ಟಿಲೇ ಮಳಿಗೆಗೂ ಸಾಕು. ಕಷ್ಟ ಶುರುವಾಗುವುದು ಬಳಕೆ ಬದಲಾಗಿ ಮೆಟ್ಟಿಲು ಮಾತ್ರ ಹಾಗೇ ಉಳಿದಾಗ. ಓಲ್ಡ್ ರಾಜಿಂದರ್ ನಗರದಲ್ಲಿ ಆದದ್ದು ಇದೇ ಅಂತ ನನ್ನ ವಾದ.

ಆ ಬಡಾವಣೆಯ ಹುಟ್ಟು 1947ರ ದೇಶವಿಭಜನೆಯಲ್ಲಿ. ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದವರಿಗೆ ಸರ್ಕಾರ ದೆಹಲಿಯ ಸುತ್ತ ಪುನರ್ವಸತಿ ಬಡಾವಣೆಗಳನ್ನು ಕಟ್ಟಿಕೊಟ್ಟಿತು. ಕರೋಲ್‌ಬಾಗಿನ ಪಕ್ಕ, ಪೂಸಾ ರಸ್ತೆಗೂ ಶಂಕರ್ ರಸ್ತೆಗೂ ಹತ್ತಿರ ಎದ್ದ ಈ ಬಡಾವಣೆಗೆ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರ ಹೆಸರು. ಆ ಹೆಸರು ಪಂಜಾಬಿ ಬಾಯಲ್ಲಿ ರಾಜಿಂದರ್ ಆಯಿತು. ಲಾಹೋರಿನಲ್ಲಿ 1921ರಲ್ಲಿ ಶುರುವಾದ ಸರ್ ಗಂಗಾರಾಮ್ ಆಸ್ಪತ್ರೆಯೂ ವಿಭಜನೆಯ ನಂತರ ಇಲ್ಲಿಯೇ ಮರುಹುಟ್ಟು ಪಡೆಯಿತು. ಸಣ್ಣ ಸಣ್ಣ ಸೈಟು, ಒಂದಕ್ಕೊಂದು ಅಂಟಿದ ಗೋಡೆ, ಒಂದು ಸಂಸಾರ ತಲೆಮರೆಸಿಕೊಳ್ಳುವಷ್ಟು ಮನೆ. ಕಟ್ಟಿದವರ ಲೆಕ್ಕದಲ್ಲಿ ಒಂದು ಸೈಟಿಗೆ ಒಂದು ಕುಟುಂಬ. ರಸ್ತೆ, ಚರಂಡಿ, ನೀರಿನ ಕೊಳವೆ ಎಲ್ಲಕ್ಕೂ ಅದೇ ಲೆಕ್ಕ.

ಆಮೇಲೆ ಮಕ್ಕಳು ಬೆಳೆದರು, ಮನೆಯ ಮೇಲೆ ಮನೆ ಎದ್ದಿತು. ಹಳೆಯ ಮನೆ ಕೆಡವಿ ‘ಬಿಲ್ಡರ್ ಫ್ಲೋರ್’ ಕಟ್ಟಿ ಮಹಡಿಗೊಬ್ಬರಂತೆ ಮಾರಿದರು. ದಿನ ಕಳೆದಂತೆ ಐ.ಎ.ಎಸ್. ತರಬೇತಿ ಸಂಸ್ಥೆಗಳು ಬಂದವು, ಅವುಗಳ ಹಿಂದೆಯೇ ಪಿ.ಜಿ. ಕೋಣೆ, ಟಿಫಿನ್ ಊಟ, ಜೆರಾಕ್ಸ್ ಅಂಗಡಿ, ಗಂಟೆ ಲೆಕ್ಕದಲ್ಲಿ ಕುರ್ಚಿ ಬಾಡಿಗೆ ಕೊಡುವ ವಾಚನಾಲಯ. 2005ರ ಕೊನೆಯಲ್ಲಿ ಮೆಟ್ರೊ ರೈಲು ರಾಜೇಂದ್ರ ಪ್ಲೇಸಿಗೂ ಕರೋಲ್‌ಬಾಗಿಗೂ ಬಂದದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು. 2006ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ವಸತಿ ಪ್ರದೇಶಗಳಲ್ಲಿದ್ದ ಅಂಗಡಿಗಳಿಗೆ ದೆಹಲಿಯಲ್ಲಿ ಬೀಗಮುದ್ರೆ ಬೀಳತೊಡಗಿದಾಗ ದೊಡ್ಡ ಗದ್ದಲವೇ ಎದ್ದಿತು. ಮರುವರ್ಷ, ಫೆಬ್ರವರಿ 2007ರಲ್ಲಿ, ಹೊರಬಿದ್ದ ದೆಹಲಿ ಮಾಸ್ಟರ್ ಪ್ಲಾನಿನಲ್ಲಿ ಮಿಶ್ರ ಬಳಕೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಎಂಥ ರಸ್ತೆಯಲ್ಲಿ, ಎಷ್ಟು ಅಗಲವಿದ್ದರೆ, ಯಾವ ವ್ಯಾಪಾರ ಅಂತ ನಿಯಮ ಬಂತು. ಆಗಿಹೋದದ್ದಕ್ಕೆ ಕಾಗದದ ಒಪ್ಪಿಗೆ ಅಂತ ಕರೆದರೆ ಸ್ವಲ್ಪ ಕಟುವಾದೀತು, ಆದರೆ ಪೂರ್ತಿ ಸುಳ್ಳಾಗಲಾರದು.

ಈಗ ಮೆಟ್ಟಿಲಿನ ಲೆಕ್ಕಕ್ಕೆ ಬರೋಣ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದು ದಪ್ಪ ಗ್ರಂಥವಿದೆ. ಅದರಲ್ಲಿ ಒಂದು ಪುಟ್ಟ ಕೋಷ್ಟಕವುಂಟು. ಯಾವ ಬಳಕೆಯ ಕಟ್ಟಡದಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ಜಾಗ ಎಂದು ಲೆಕ್ಕ ಹಿಡಿಯಬೇಕು ಎಂಬುದು. ಮನೆಯಾದರೆ ಒಬ್ಬನಿಗೆ 12.5 ಚದರ ಮೀಟರ್. ಶಾಲೆ, ತರಗತಿಯಾದರೆ 4. ಬೀದಿ ಮಟ್ಟದ ಅಂಗಡಿಯಾದರೆ 3, ಮೇಲಿನ ಮಹಡಿಯ ಅಂಗಡಿಯಾದರೆ 6. ಸಾಮಾನು ತುಂಬುವ ಉಗ್ರಾಣವಾದರೆ 30. ಒಣ ಅಂಕಿಗಳು ಅಂತ ಪುಟ ತಿರುವಬೇಡಿ. 300 ಚದರ ಮೀಟರಿನ ಒಂದು ನೆಲಮಾಳಿಗೆ ಇದೆ ಅಂತಿಟ್ಟುಕೊಳ್ಳಿ. ಉಗ್ರಾಣವಾದರೆ ಅಲ್ಲಿ ಹತ್ತು ಜನ. ಅದನ್ನೇ ತರಗತಿ ಮಾಡಿದರೆ ಎಪ್ಪತ್ತೈದು ಜನ. ಬೆಂಚು ಒತ್ತೊತ್ತಿ ಹಾಕುವ ನಮ್ಮ ಪದ್ಧತಿಯಲ್ಲಿ ಅದರ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಆದರೆ ಮೆಟ್ಟಿಲು? ಅದನ್ನು ಕಟ್ಟಿದ್ದು ಹತ್ತು ಜನಕ್ಕೆ. ಸಾಮಾನ್ಯ ವಾಸದ ಮನೆಯ ಮೆಟ್ಟಿಲಿಗೆ ಒಂದು ಮೀಟರ್ ಅಗಲ ಸಾಕು ಎನ್ನುತ್ತದೆ ಸಂಹಿತೆ. ಶಾಲೆಗೆ ಕನಿಷ್ಠ ಒಂದೂವರೆ ಬೇಕು. ಬೋರ್ಡು ಬದಲಾಯಿಸುವುದು ಒಂದು ದಿನದ ಕೆಲಸ, ಗೋಡೆಗೆ ಸುಣ್ಣ ಬಳಿಯುವುದು ಒಂದು ವಾರದ್ದು. ಮೆಟ್ಟಿಲು ಅಗಲ ಮಾಡುವುದು ಮಾತ್ರ ಕಟ್ಟಡ ಕೆಡವದೆ ಆಗದ ಮಾತು. ಹಾಗಾಗಿ ಯಾರೂ ಮಾಡುವುದಿಲ್ಲ.

27 ಜುಲೈ 2024ರ ಸಂಜೆ ಓಲ್ಡ್ ರಾಜಿಂದರ್ ನಗರದಲ್ಲಿ ಜೋರು ಮಳೆ. ರಸ್ತೆಯಲ್ಲಿ ನಿಂತ ನೀರು ಒಂದು ತರಬೇತಿ ಸಂಸ್ಥೆಯ ನೆಲಮಾಳಿಗೆಗೆ ನುಗ್ಗಿತು. ಅಲ್ಲಿ ವಾಚನಾಲಯ ನಡೆಯುತ್ತಿತ್ತು. ಆ ನೆಲಮಾಳಿಗೆಗೆ ಒಪ್ಪಿಗೆ ಇದ್ದದ್ದು ವಾಹನ ನಿಲುಗಡೆಗೂ ಉಗ್ರಾಣಕ್ಕೂ ಎಂದು ಆಮೇಲೆ ಹೊರಬಂತು. ಮೂವರು ವಿದ್ಯಾರ್ಥಿಗಳು ಸತ್ತರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಉತ್ತರ ಪ್ರದೇಶ, ತೆಲಂಗಾಣ, ಕೇರಳ: ಮೂರು ರಾಜ್ಯದವರು. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಕೇವಲ ಆ ಸಂಜೆಯ ಮಾತು. ಸುಪ್ರೀಂ ಕೋರ್ಟು ಆಗಸ್ಟಿನಲ್ಲಿ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು, ಪಾಲಿಕೆ ನೆಲಮಾಳಿಗೆಗಳಿಗೆ ಬೀಗ ಹಾಕುತ್ತ ಹೋಯಿತು.

ನೀರು ಬಂದರೆ ಎದ್ದು ಓಡಬಹುದಲ್ಲ ಅಂತ ನಮಗೆ ಅನ್ನಿಸುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಬಾಗಿಲು 90 ಸೆಂಟಿಮೀಟರ್ ಅಗಲ, ಹೊರಗೆ ಒಂದು ಮೀಟರ್ ನೀರು ನಿಂತಿದೆ. ಪಿ.ಯು.ಸಿ.ಯಲ್ಲಿ ಓದಿದ ಸೂತ್ರದ ಪ್ರಕಾರ ಆ ಬಾಗಿಲನ್ನು ನೀರು ಒತ್ತುವ ಬಲ ಸುಮಾರು 450 ಕಿಲೋ ತೂಕದಷ್ಟು. ನಾಲ್ಕೂವರೆ ಮೂಟೆ ಅಕ್ಕಿ ಆನಿಸಿಟ್ಟ ಹಾಗೆ! ಅರ್ಧ ಮೀಟರ್ ನೀರಿದ್ದರೂ 110 ಕಿಲೋಗೆ ಕಡಿಮೆಯಿಲ್ಲ. ಬೆಂಕಿಯ ಭಯದಿಂದ ಜನ ತುಂಬುವ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವ ಹಾಗಿರಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಹೊರಗೆ ನೀರಿದ್ದರೆ ಅದೇ ಬಾಗಿಲನ್ನು ತಳ್ಳಲಾಗದು. ಒಳಕ್ಕೆ ತೆರೆಯುವ ಬಾಗಿಲಾದರೆ ನೀರೇ ಒಡೆದುಕೊಂಡು ಬರುತ್ತದೆ. ಎರಡಕ್ಕೂ ಒಪ್ಪುವ ಬಾಗಿಲು ಇಲ್ಲ. ಆದ್ದರಿಂದ ನೆಲದ ಕೆಳಗೆ ಜನ ಗಂಟೆಗಟ್ಟಲೆ ಕೂರುವ ಯಾವ ಬಳಕೆಯನ್ನೂ ಇಡಬಾರದು. ನಾನು ಕಲ್ಪಿಸುವ ಕಟ್ಟಡದಲ್ಲಿ ಇದೇ ಮೊದಲ ಗೆರೆ. ನೆಲಮಾಳಿಗೆಯಲ್ಲಿ ಪುಸ್ತಕದ ಕಪಾಟು ಬೇಕಾದರೆ ಇರಲಿ, ಓದುವ ಕುರ್ಚಿ ಬೇಡ.

* * *

ಸರಿ, ಕಾಗದದ ಮೇಲೆ ಒಂದು ಕಟ್ಟಡ ಎಬ್ಬಿಸೋಣ. ಅಲ್ಲಿನ ಒಂದು ಪುಟ್ಟ ಸೈಟಿನಲ್ಲಿ ಗೋಪುರ ಏಳಲಾರದು. ಸೈಟುಮನೆಗಳಿಗೆ ದೆಹಲಿಯಲ್ಲಿ ಎತ್ತರದ ಮಿತಿ 15 ಮೀಟರ್, ಕೆಳಗೆ ಕಂಬಗಳ ಮೇಲೆ ವಾಹನ ನಿಲುಗಡೆ ಬಿಟ್ಟರೆ 17.5. ಅಂದರೆ ನಾಲ್ಕು ಮಹಡಿಗೆ ಆಟ ಮುಗಿಯಿತು. ಎತ್ತರ ಬೇಕಾದರೆ ಅಕ್ಕಪಕ್ಕದ ಮಾಲೀಕರೆಲ್ಲ ಸೈಟು ಕೂಡಿಸಬೇಕು; ಗುಂಪು ವಸತಿಯ ನಿಯಮ, ಅಗ್ನಿಶಾಮಕದವರ ಒಪ್ಪಿಗೆ, ಎಲ್ಲವೂ ಬೇರೆಯಾಗುತ್ತದೆ. ಒಂದು ಗೋಡೆಗೆ ಎರಡು ತಲೆಮಾರು ಜಗಳವಾಡಿದ ನೆರೆಹೊರೆಯವರು ಸೈಟು ಕೂಡಿಸುತ್ತಾರೆಯೆ ಎಂಬುದು ಬೇರೆಯೇ ಪ್ರಶ್ನೆ. ಕೂಡಿಸಿದರು ಎಂದೇ ಇಟ್ಟುಕೊಳ್ಳೋಣ. 2000 ಚದರ ಮೀಟರ್ ನೆಲ ಸಿಕ್ಕಿತು.

ಇನ್ನು ಎಫ್.ಎ.ಆರ್. ಎಂಬ ಮೂರಕ್ಷರದ ದೇವರು. ನೆಲದ ಎಷ್ಟು ಪಟ್ಟು ಕಟ್ಟಬಹುದು ಎಂಬುದೇ ಎಫ್.ಎ.ಆರ್. ಲೆಕ್ಕಕ್ಕಾಗಿ ಮೂರೂವರೆ ಅಂತ ಹಿಡಿಯೋಣ. ಆಗ ಒಟ್ಟು 7000 ಚದರ ಮೀಟರ್. ನೆಲದ ಕಾಲುಭಾಗದ ಮೇಲೆ ಮಾತ್ರ ಕಟ್ಟಿದರೆ ಮಹಡಿಗೆ 500 ಚದರ ಮೀಟರಿನಂತೆ ಹದಿನಾಲ್ಕು ಮಹಡಿ, ಸುಮಾರು 45 ಮೀಟರ್ ಎತ್ತರ. ಗಮನಿಸಿ: ಇದೇ 7000 ಚದರ ಮೀಟರನ್ನು ನೆಲದ ತುಂಬ ಹರಡಿದರೆ ನಾಲ್ಕು ಮಹಡಿಗೇ ಮುಗಿದುಹೋಗುತ್ತದೆ. ಎತ್ತರದಿಂದ ಮನೆ ಹೆಚ್ಚಾಗುವುದಿಲ್ಲ, ಅಂಗಳ ಹೆಚ್ಚಾಗುತ್ತದೆ, ಅಷ್ಟೆ. ಆ ಅಂಗಳಕ್ಕೆ ಬೇಲಿ ಹಾಕಿ ಕಾರು ನಿಲ್ಲಿಸುವುದಾದರೆ ಎತ್ತರಕ್ಕೆ ಹೋಗುವುದು ದಂಡ.

ಹದಿನಾಲ್ಕು ಮಹಡಿಯನ್ನು ಹಂಚೋಣ. ಕೆಳಗಿನ ಎರಡು ಅಂಗಡಿಗೆ, ಅದರ ಮೇಲಿನ ಎರಡು ತರಗತಿ ಮತ್ತು ವಾಚನಾಲಯಕ್ಕೆ, ಉಳಿದ ಹತ್ತು ಮನೆಗಳಿಗೆ. ಸಂಹಿತೆಯ ಕೋಷ್ಟಕ ತೆಗೆಯಿರಿ. ಮನೆಗಳಲ್ಲಿ ಮಹಡಿಗೆ 40ರಂತೆ 400 ಜನ. ತರಗತಿಯ ಎರಡು ಮಹಡಿಯಲ್ಲಿ 125ರಂತೆ 250. ಅಂಗಡಿಗಳಲ್ಲಿ ಬೀದಿ ಮಟ್ಟದಲ್ಲಿ 166, ಮೇಲಿನದರಲ್ಲಿ 83, ಕೂಡಿದರೆ 250ಕ್ಕೆ ಒಂದು ಕಡಿಮೆ. ಅಂದರೆ ಕೆಳಗಿನ ನಾಲ್ಕೇ ಮಹಡಿಯಲ್ಲಿ ಐನೂರು ಜನ, ಮೇಲಿನ ಹತ್ತರಲ್ಲಿ ನಾನೂರು! ದೂರದಿಂದ ನೋಡಿದರೆ ಇದು ಮನೆಗಳ ಕಟ್ಟಡ. ಒಳಗಿನ ತಲೆ ಎಣಿಸಿದರೆ ಸಂತೆ ಮತ್ತು ಶಾಲೆ. ನಕ್ಷೆ ಬರೆಯುವವನು ಯಾವುದನ್ನು ನೋಡುತ್ತಾನೆ ಎಂಬುದರ ಮೇಲೆ ಮೆಟ್ಟಿಲಿನ ಅಗಲ ತೀರ್ಮಾನವಾಗುತ್ತದೆ.

ಯಾವುದು ಕೆಳಗೆ, ಯಾವುದು ಮೇಲೆ ಎಂಬುದರಲ್ಲೂ ತರ್ಕವಿದೆ. ಷಿಕಾಗೊ ನಗರದಲ್ಲಿ 1969ರಲ್ಲಿ ಮುಗಿದ ನೂರು ಮಹಡಿಯ ಹ್ಯಾಂಕಾಕ್ ಕಟ್ಟಡವನ್ನು (ಈಗ ಆ ಹೆಸರಿಲ್ಲ) ಚಿತ್ರದಲ್ಲಿ ನೋಡಿದವರಿಗೆ ನೆನಪಿರಬಹುದು. ಬುಡ ಅಗಲ, ತುದಿ ಕಿರಿದು. ಅದರ ರಚನೆಯ ಲೆಕ್ಕ ಹಾಕಿದವರು ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ಖಾನ್. ಆ ಇಳಿಜಾರು ಬರಿಯ ಷೋಕಿಯಲ್ಲ. ಕೆಳಗೆ ಅಂಗಡಿ, ವಾಹನ, ಕಚೇರಿ. ಅವಕ್ಕೆ ಆಳವಾದ ದೊಡ್ಡ ಮಹಡಿ ಬೇಕು, ನಡುವೆ ಬೆಳಕಿಲ್ಲದಿದ್ದರೂ ದೀಪ ಹಾಕಿ ನಡೆಸಬಹುದು. ಮೇಲೆ ಮನೆಗಳು, ಮನೆಯ ಪ್ರತಿ ಕೋಣೆಗೂ ಕಿಟಕಿ ಬೇಕು, ಆದ್ದರಿಂದ ಮಹಡಿ ಕಿರಿದಾಗಲೇಬೇಕು. ಬಳಕೆಯೇ ಕಟ್ಟಡದ ಆಕಾರವಾಯಿತು. ಇದಕ್ಕೆ ಎದುರಾದ ಉದಾಹರಣೆ ಫ್ರಾನ್ಸಿನ ಮಾರ್ಸೇಲ್ ಊರಿನದು. ನಮ್ಮ ಚಂಡೀಗಢ ಕಟ್ಟಿದ ಲ ಕಾರ್ಬೂಸಿಯೇ 1952ರಲ್ಲಿ ಮುಗಿಸಿದ 337 ಮನೆಗಳ ಆ ಕಟ್ಟಡದ ಹೊಟ್ಟೆಯ ನಡುವೆ ಒಂದು ಅಂಗಡಿ ಬೀದಿಯನ್ನೇ ಇಟ್ಟ. ಕಲ್ಪನೆ ಸೊಗಸು. ಆದರೆ ದಾರಿಹೋಕ ಗಿರಾಕಿ ತರಕಾರಿಗಾಗಿ ಲಿಫ್ಟು ಹತ್ತಿ ಬರುತ್ತಾನೆಯೆ? ಆತ ನೆನೆಸಿದಂತೆ ಆ ಬೀದಿ ಗಿಜಿಗುಡಲಿಲ್ಲ. ಅಂಗಡಿಯ ಬಾಗಿಲು ಬೀದಿಗೇ ಇರಬೇಕು.

ಬೆಂಗಳೂರಿನವರು ಮಹಾತ್ಮ ಗಾಂಧಿ ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡವನ್ನು ನೆನೆಯಬಹುದು. 1970ರ ದಶಕದಲ್ಲಿ ನಗರದ ತಲೆಯ ಮೇಲೆ ಎದ್ದ ಇಪ್ಪತ್ತೈದು ಮಹಡಿ. ಬುಡದಲ್ಲಿ ಅಂಗಡಿ, ಮೇಲೆ ಕಚೇರಿ, ಒಂದು ಕಾಲಕ್ಕೆ ಸಿಂಫನಿ ಚಿತ್ರಮಂದಿರವೂ ಇತ್ತು. ಮನೆ ಮಾತ್ರ ಇಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಮೇಲಿನ ಮಹಡಿಗಳು ಕತ್ತಲು. ಮನೆ ಸೇರಿದರೆ ಕಟ್ಟಡ ರಾತ್ರಿಯೂ ಎಚ್ಚರವಾಗಿರುತ್ತದೆ. ಕಳ್ಳನಿಗೆ ಅದು ಕಷ್ಟ, ಮೆಟ್ಟಿಲು ಕಟ್ಟುವ ಎಂಜಿನಿಯರಿಗೂ ಕಷ್ಟ.

ಯಾಕೆ ಕಷ್ಟ ಅಂದರೆ ಹೊಗೆ. ಎತ್ತರದ ಕಟ್ಟಡದ ಮೆಟ್ಟಿಲ ಓಣಿ ಅನ್ನುವುದು, ಬಾಗಿಲು ತೆರೆದಿದ್ದರೆ, ಒಂದು ದೊಡ್ಡ ಚಿಮಣಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 13 ಜೂನ್ 1997ರಂದು ಬೆಂಕಿ ಹುಟ್ಟಿದ್ದು ಕೆಳಗೆ, ವಾಹನ ನಿಲ್ಲಿಸುವಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ. ಸತ್ತ 59 ಜನ ಹೆಚ್ಚಾಗಿ ಉಸಿರುಗಟ್ಟಿದ್ದು ಮೇಲೆ ಬಾಲ್ಕನಿಯಲ್ಲಿ. ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ 23 ಫೆಬ್ರವರಿ 2010ರಂದು ಒಂಬತ್ತು ಜನ ಸತ್ತರು. ಹೊಗೆಗೆ ಹೆದರಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. 15 ಜೂನ್ 2023ರಂದು ದೆಹಲಿಯದೇ ಮುಖರ್ಜಿ ನಗರದ ಒಂದು ತರಬೇತಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹುಡುಗರು ಹುಡುಗಿಯರು ಕಿಟಕಿಯಿಂದ ಕೇಬಲ್ಲು ಹಗ್ಗ ಹಿಡಿದು ಜಾರಿ ಇಳಿದದ್ದನ್ನು ದೇಶವೇ ನೋಡಿತು. ಕಿಟಕಿಯನ್ನು ಮೆಟ್ಟಿಲಿಗಿಂತ ಹೆಚ್ಚು ನಂಬುವ ಪರಿಸ್ಥಿತಿ ಬಂದರೆ ಆ ಮೆಟ್ಟಿಲು ಸೋತಿದೆ ಅಂತಲೇ ಅರ್ಥ.

ಆದ್ದರಿಂದ ನಮ್ಮ ಕಟ್ಟಡದಲ್ಲಿ ಮನೆಯವರ ಎರಡು ಮೆಟ್ಟಿಲು ಮೇಲಿನಿಂದ ನೆಲದವರೆಗೆ ನೇರ ಇಳಿಯಬೇಕು, ನಡುವೆ ಅಂಗಡಿಗಾಗಲಿ ತರಗತಿಗಾಗಲಿ ಅವುಗಳಿಂದ ಬಾಗಿಲು ಇರಕೂಡದು. ತರಗತಿಗಳಿಗೆ ಅವುಗಳದೇ ಎರಡು ಅಗಲ ಮೆಟ್ಟಿಲು. ನೆಲಮಾಳಿಗೆಯಿಂದ ಬರುವ ಮೆಟ್ಟಿಲು ನೆಲಕ್ಕೆ ಬಂದು ನಿಲ್ಲಬೇಕು. ಅದನ್ನೇ ಮೇಲಕ್ಕೆ ಮುಂದುವರಿಸಿದರೆ ಕಾರಿನ ಬೆಂಕಿಯ ಹೊಗೆಗೆ ನಾವೇ ದಾರಿ ಕೊರೆದುಕೊಟ್ಟಂತೆ. ಮೆಟ್ಟಿಲ ಓಣಿಗೆ ಬೆಂಕಿ ತಡೆಯುವ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಫ್ಯಾನಿನಿಂದ ಒಳಗೆ ಗಾಳಿ ತುಂಬಿ ಒತ್ತಡ ಏರಿಸಿಟ್ಟರೆ ಹೊಗೆ ಒಳಕ್ಕೆ ಬಾರದು. 24 ಮೀಟರ್ ದಾಟಿದ ಕೂಡಲೆ ಒಂದು ಆಸರೆ ಜಾಗ, ಆಮೇಲೆ ಪ್ರತಿ 15 ಮೀಟರಿಗೆ ಇನ್ನೊಂದು, ಹೀಗೆ ಸಂಹಿತೆ ಕೇಳುತ್ತದೆ. ಮುದುಕರು, ಬಸುರಿಯರು ಅಲ್ಲಿ ನಿಂತು ನೆರವಿಗೆ ಕಾಯಬಹುದು. ಇಷ್ಟೆಲ್ಲ ಜಾಗ ಮಾರಾಟಕ್ಕೆ ಬರುವುದಿಲ್ಲ. ಮಾರಾಟಕ್ಕೆ ಬಾರದ ಜಾಗ ಎಷ್ಟಿದೆ ಎಂಬುದರಿಂದಲೇ ಕಟ್ಟಡದ ಯೋಗ್ಯತೆ ಅಳೆಯಬೇಕು ಎನ್ನುವವನು ನಾನು.

ಮಾರಾಟಕ್ಕೆ ಬಾರದ ಇನ್ನೊಂದು ಜಾಗ ಕಾರಿನದು. ದೆಹಲಿಯ ಮಾಸ್ಟರ್ ಪ್ಲಾನಿನ ಪ್ರಕಾರ ಮನೆಗಳಿಗೆ ಪ್ರತಿ 100 ಚದರ ಮೀಟರಿಗೆ ಎರಡು ಕಾರಿನ ಜಾಗ, ವ್ಯಾಪಾರಕ್ಕೆ ಮೂರು. ತರಗತಿಗಳನ್ನೂ ವ್ಯಾಪಾರಕ್ಕೇ ಸೇರಿಸಿದರೆ ನಮ್ಮ ಕಟ್ಟಡಕ್ಕೆ 160 ಕಾರು. ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ತಿರುಗುವ ದಾರಿ ಸೇರಿ, 32 ಚದರ ಮೀಟರ್ ಬೇಕು. ಗುಣಿಸಿ: 5120 ಚದರ ಮೀಟರ್. ಹತ್ತು ಮಹಡಿಯ ಮನೆಗಳೆಲ್ಲ ಸೇರಿ 5000! ಮನುಷ್ಯರಿಗಿಂತ ಕಾರಿಗೇ ಹೆಚ್ಚು ಜಾಗ. ಅದೂ ನೆಲ ಅಗೆದು ಮೂರು ಅಂತಸ್ತು ಕೆಳಗೆ. ಓಲ್ಡ್ ರಾಜಿಂದರ್ ನಗರದಲ್ಲಿ ಓದುವ ಹುಡುಗನಿಗೆ ಕಾರೆಲ್ಲಿಯದು? ಅವನು ನಡೆಯುತ್ತಾನೆ, ಇಲ್ಲವೇ ಮೆಟ್ರೊ ಹತ್ತುತ್ತಾನೆ. ಹೀಗೆ ಅಗೆದ ನೆಲಮಾಳಿಗೆ ಖಾಲಿ ಬಿದ್ದಿರುತ್ತದೆ, ಖಾಲಿ ಬಿದ್ದ ಜಾಗಕ್ಕೆ ಬಾಡಿಗೆಯ ಆಸೆ ಹುಟ್ಟುತ್ತದೆ, ಕುರ್ಚಿ ಮೇಜು ಇಳಿಯುತ್ತದೆ. ಬೇಡದ ನೆಲಮಾಳಿಗೆಯನ್ನು ಕಡ್ಡಾಯ ಮಾಡುವ ನಿಯಮವೇ ನೆಲಮಾಳಿಗೆಯ ವಾಚನಾಲಯಕ್ಕೆ ಒಂದು ಕಾರಣ ಎನ್ನಲು ನನಗೆ ಸಂಕೋಚವಿಲ್ಲ. ಮೆಟ್ರೊ ಹತ್ತಿರವಿರುವಲ್ಲಿ ಒಂದೇ ಅಂತಸ್ತು ಅಗೆದು ಕಾರಿನ ಲೆಕ್ಕ ಇಳಿಸುವುದು ವಿವೇಕ.

ಕಾರಿಗೆ ನೆಲಮಾಳಿಗೆ ಬೇಡ, ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ ಕೆಳಗೆ ಬಿಡೋಣ ಎನ್ನುವವರಿಗೆ ಒಂದು ಮಾತು. 26 ಜನವರಿ 2001ರ ಭುಜ್ ಭೂಕಂಪದಲ್ಲಿ, ಬಹಳ ದೂರದ ಅಹಮದಾಬಾದಿನಲ್ಲಿ, ಹಾಗೆ ಬರಿಗಂಬಗಳ ಮೇಲೆ ನಿಂತ ಅನೇಕ ಅಪಾರ್ಟ್‌ಮೆಂಟುಗಳು ಮಂಡಿಯೂರಿದವು. ಮೇಲೆ ಗೋಡೆಗಳಿಂದ ಬಿಗಿ, ಕೆಳಗೆ ಸಡಿಲ. ಅಲುಗಾಟವೆಲ್ಲ ಕೆಳಗಿನ ಕಂಬಕ್ಕೆ. ಭಾರತದ ಭೂಕಂಪ ಸಂಕೇತದ 2002ರ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯ, ದೆಹಲಿ ನಾಲ್ಕನೆಯದು. ಅಂಗಡಿಗೆಂದು ಕೆಳಗೆ ಗೋಡೆ ತೆಗೆದು ವಿಶಾಲ ಮಾಡಿದಾಗಲೂ ಇದೇ ಅಪಾಯ. ಲಿಫ್ಟು ಮೆಟ್ಟಿಲುಗಳ ಸುತ್ತ ಕಾಂಕ್ರೀಟು ಗೋಡೆಯನ್ನು ತಳಪಾಯದಿಂದ ತಾರಸಿಯವರೆಗೆ ಮುರಿಯದೆ ಕಟ್ಟುವುದೇ ಮದ್ದು.

ಎತ್ತರದ ಬಗ್ಗೆ ಅಕ್ಕಪಕ್ಕದವರಿಗೂ ಒಂದು ದೂರು ಇರುತ್ತದೆ, ಅದು ನ್ಯಾಯವಾದದ್ದು. ದೆಹಲಿಯ ಚಳಿಗಾಲದಲ್ಲಿ ಮಧ್ಯಾಹ್ನದ ಬಿಸಿಲು ಅಂದರೆ ಚಿನ್ನ. ಮುದುಕಿಯರು ತಾರಸಿಯಲ್ಲಿ ಕೂತು ಬಟಾಣಿ ಸುಲಿಯುವುದು, ಓದುವ ಹುಡುಗರು ಶಾಲು ಹೊದ್ದು ನೋಟ್ಸು ತಿರುವುವುದು ಆ ಬಿಸಿಲಿಗೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೆ ಅಲ್ಲಿ ಸೂರ್ಯ ಏರುವುದು 38 ಡಿಗ್ರಿ ಮಾತ್ರ. 45 ಮೀಟರಿನ ಕಟ್ಟಡದ ನೆರಳು ಆಗ ಉತ್ತರಕ್ಕೆ 57 ಮೀಟರಿಗೂ ಮೀರಿ ಚಾಚುತ್ತದೆ. ಅದೇ ಕಟ್ಟಡ ಬೆಂಗಳೂರಿನಲ್ಲಿದ್ದರೆ ಸುಮಾರು 33 ಮೀಟರ್. ನಮ್ಮೂರಿನ ಕಟ್ಟಡವನ್ನು ಹಾಗೇ ಎತ್ತಿ ದೆಹಲಿಯಲ್ಲಿ ನಿಲ್ಲಿಸಿದರೆ ಹಿಂದಿನ ಬೀದಿಯ ಎರಡು ಮೂರು ಸಾಲು ಮನೆಗಳ ಬಿಸಿಲು ಕಸಿದಂತೆ. ಆದ್ದರಿಂದ ಗೋಪುರವನ್ನು ನೆಲದ ದಕ್ಷಿಣ ಅಂಚಿಗೆ ಸರಿಸಿ, ಉತ್ತರಕ್ಕೆ ತನ್ನದೇ ಅಂಗಳ ಬಿಟ್ಟು, ನೆರಳಿನ ಒಂದಷ್ಟು ಭಾಗವಾದರೂ ತನ್ನ ಮೇಲೆಯೇ ಬೀಳುವ ಹಾಗೆ ಮಾಡಬೇಕು. ಬೇಸಗೆಯ ಪಡುವಣ ಬಿಸಿಲಿಗೆ ಬೇರೆ ಉಪಾಯ. ಮುಂಬಯಿಯ ಕಾಂಚನಗಂಗಾ ಕಟ್ಟಡದಲ್ಲಿ (1983) ಚಾರ್ಲ್ಸ್ ಕೊರೆಯ ಮನೆಯ ಮೂಲೆಗಳನ್ನು ಕೊರೆದು ಎತ್ತರದ ಜಗಲಿ ಮಾಡಿದರು. ಬಿಸಿಲೂ ಮಳೆಯೂ ಜಗಲಿಯಲ್ಲೇ ನಿಲ್ಲುತ್ತದೆ, ಮನೆಯ ಒಳಕ್ಕೆ ಬರುವುದು ಗಾಳಿ. ಶ್ರೀಮಂತರ ಮನೆಗಳು ಅವು, ನಿಜ. ಜಗಲಿ ಮಾತ್ರ ಶ್ರೀಮಂತರ ಸ್ವತ್ತಲ್ಲ.

ಮತ್ತೆ ನೀರಿಗೆ ಬರುತ್ತೇನೆ. 28 ಜೂನ್ 2024ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ದೆಹಲಿಯ ಸಫ್ದರ್‌ಜಂಗ್ ಕೇಂದ್ರ ಅಳೆದ ಮಳೆ 228 ಮಿಲಿಮೀಟರ್. ನಮ್ಮ 2000 ಚದರ ಮೀಟರಿನ ನೆಲದ ಮೇಲೆ ಅಷ್ಟು ಮಳೆ ಬಿದ್ದರೆ ನಾಲ್ಕೂವರೆ ಲಕ್ಷ ಲೀಟರಿಗೂ ಮೇಲೆ. ಮೇಲಿನ ನಾನೂರು ಜನ ದಿನಕ್ಕೆ 135 ಲೀಟರಿನಂತೆ ಬಳಸಿದರೆ ಎಂಟು ದಿನದ ನೀರು ಅದು! ಅದನ್ನು ತನ್ನಲ್ಲೇ ಹಿಡಿದಿಡದೆ ಬೀದಿಗೆ ದೂಡುವ ಕಟ್ಟಡ ಪಕ್ಕದವರ ನೆಲಮಾಳಿಗೆಗೆ ನೀರು ತುಂಬಿಸುತ್ತಿದೆ ಅಂತಲೇ ತಿಳಿಯಬೇಕು. 2024ರಲ್ಲೂ ನಗರದ ಚರಂಡಿಗಳಿಗೆ ಆಧಾರವಾಗಿದ್ದದ್ದು 1976ರ ಯೋಜನೆ. ಮಳೆನೀರಿಗೆ ಸಂಪು, ಇಂಗುಗುಂಡಿ; ಕಾರು ಇಳಿಯುವ ಇಳಿಜಾರಿನ ಬಾಯಲ್ಲಿ ರಸ್ತೆಗಿಂತ ಎತ್ತರದ ದಿಬ್ಬ, ಅಂದರೆ ಮೊದಲು ಹತ್ತಿ ಆಮೇಲೆ ಇಳಿಯುವ ಹಾಗೆ. ನಮ್ಮ ಹಳೆಯ ಮನೆಗಳ ಹೊಸ್ತಿಲು ಮಾಡುತ್ತಿದ್ದದ್ದೂ ಇದನ್ನೇ. ವಿದ್ಯುತ್ ಫಲಕ, ಜನರೇಟರು ನೆಲದ ಮೇಲೆ. ನೆಲಮಾಳಿಗೆಯಲ್ಲಿಟ್ಟರೆ ನೀರು ತುಂಬಿದಾಗ ನೀರೆತ್ತುವ ಪಂಪಿಗೇ ಕರೆಂಟು ಇರುವುದಿಲ್ಲ.

ಕೊನೆಗೆ ಒಡೆತನದ ವಿಷಯ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಒಡೆತನದ ಕಾನೂನು ಬಂದದ್ದು 1972ರಲ್ಲಿ, ದೆಹಲಿಯದು 1986ರಲ್ಲಿ. ನಮ್ಮ ಕಾನೂನು ವಾಸದ ಮನೆಗಳನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು. ಅಂಗಡಿ ಸೇರಿದ ಕೂಡಲೆ ತಕರಾರು. ಬೀದಿಯ ಅಂಗಡಿಯವನು ಲಿಫ್ಟಿನ ಖರ್ಚು ನಾನೇಕೆ ಕೊಡಲಿ ಎನ್ನುತ್ತಾನೆ. ಹನ್ನೆರಡನೆಯ ಮಹಡಿಯವರು ಅಂಗಡಿಯ ಕಸ ನಾವೇಕೆ ಎತ್ತಿಸಲಿ ಎನ್ನುತ್ತಾರೆ. ಇಬ್ಬರದೂ ಸರಿ. ಅದಕ್ಕೇ ಮೊದಲ ಪತ್ರದಲ್ಲೇ ಲೆಕ್ಕವನ್ನು ಸೀಳಿಡಬೇಕು: ಮನೆಗಳ ಲಿಫ್ಟು ಮನೆಗಳಿಗೆ, ತರಗತಿಯ ಮೆಟ್ಟಿಲು ತರಗತಿಗೆ, ತಳಪಾಯ, ಬೆಂಕಿಯ ಪಂಪು, ಮಳೆನೀರಿನ ಸಂಪು ಮಾತ್ರ ಎಲ್ಲರಿಗೆ.

ಆದರೆ ಈ ‘ಎಲ್ಲರು’ ಅನ್ನುವಲ್ಲಿ ಬಾಡಿಗೆಯವನು ಇಲ್ಲ. ಸಂಘದ ಸಭೆಗೆ ಮಾಲೀಕರೇ ಬರುವವರು. ಓಲ್ಡ್ ರಾಜಿಂದರ್ ನಗರದ ಕೋಣೆಗಳಲ್ಲಿ ಮಲಗುವವರು, ವಾಚನಾಲಯದಲ್ಲಿ ಕೂರುವವರು ಹೆಚ್ಚಾಗಿ ಒಂದೆರಡು ವರ್ಷಕ್ಕೆ ಬಂದು ಹೋಗುವ ಬಾಡಿಗೆಯ ಮಕ್ಕಳು. ನೆಲಮಾಳಿಗೆಯನ್ನು ಬಾಡಿಗೆಗೆ ಕೊಡೋಣವೇ ಎಂದು ಸಭೆಯಲ್ಲಿ ಕೈ ಎತ್ತುವವನು ಅಲ್ಲಿ ಕೂತು ಓದುವವನಲ್ಲ. ಹೊಸ ಕಟ್ಟಡದಲ್ಲಿ ಹತ್ತೂ ಮಹಡಿಯನ್ನು ದೊಡ್ಡ ಫ್ಲಾಟು ಮಾಡಿ ಮಾರಿದರೆ ಈ ಹುಡುಗರು ಇನ್ನಷ್ಟು ಇಕ್ಕಟ್ಟಾದ ಗಲ್ಲಿಗೆ ಸರಿಯುತ್ತಾರೆ, ಅಷ್ಟೇ. ಮೂರು ಮಹಡಿಯನ್ನಾದರೂ ಒಂಟಿ ಕೋಣೆಗಳಾಗಿ, ಬಾಡಿಗೆಗೆಂದೇ, ಸಂಘದ ಒಡೆತನದಲ್ಲಿ ಇಡಬೇಕು. ಅಲ್ಲಿ ವಾಸಿಸುವವರಿಗೆ ಸುರಕ್ಷತೆಯ ವಿಷಯದಲ್ಲಾದರೂ ಸಭೆಯಲ್ಲಿ ಒಂದು ಕುರ್ಚಿ ಬೇಕು. ಮತ್ತೆ ಪ್ರತಿ ಕೋಣೆಯ ಬಾಗಿಲ ಮೇಲೂ ಒಂದು ಫಲಕ: ಈ ಕೋಣೆ ಯಾವುದಕ್ಕೆ, ಎಷ್ಟು ಜನಕ್ಕೆ, ಹೊರಗೆ ಹೋಗುವ ಮೆಟ್ಟಿಲು ಯಾವ ಕಡೆ. ಹಿಂದಿ ಇಂಗ್ಲಿಷಿನಲ್ಲಿ ಅವರು ಹೇಗೂ ಬರೆಸುತ್ತಾರೆ. ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆಸುವುದನ್ನು ಅಲ್ಲಿಗೆ ಹೋಗುವ ನಮ್ಮವರು ಯಾರಾದರೂ ನೋಡಿಕೊಳ್ಳಲಿ.